ಬಿಸ್ಕತ್ತಿನ ಡಬ್ಬದ ಪ್ರಾಣಿ

ಪ್ರತಿಯೊಬ್ಬ ಮೇಷ್ಟ್ರಿಗೂ ಯಾವುದಾದರೂ ಒಂದು ಪಾಠ ಜನ್ಮಕ್ಕೆ ಅಂಟಿಕೊಂಡುಬಿಡುತ್ತದೆ ಎಂಬುದು ನನ್ನ ಅನುಭವ. ನಮ್ಮ ಶಾಲೆಯ ಚರಿತ್ರೆಯ ಮೇಷ್ಟ್ರಿಗೆ ಪಾಣಿಪತ್ತಿನ ಯುದ್ಧ ಅಂಟಿಕೊಂಡಿತ್ತು. ಅಶೋಕನಿಂದ ಶುರು ಮಾಡಲಿ, ಅಕ್ಬರನಿಂದ ಶುರು ಮಾಡಲಿ, ಗಂಟೆ ಹೊಡೆಯುವ ಹೊತ್ತಿಗೆ ಅವರು ಪಾಣಿಪತ್ತಿನ ಬಯಲಿನಲ್ಲಿ ಧೂಳೆಬ್ಬಿಸುತ್ತ ನಿಂತಿರುತ್ತಿದ್ದರು. ಗಣಿತದ ಮೇಷ್ಟ್ರಿಗೆ ಒಂದು ನೀರಿನ ತೊಟ್ಟಿ ಅಂಟಿಕೊಂಡಿತ್ತು. ಎರಡು ನಲ್ಲಿಯಿಂದ ನೀರು ಬರುತ್ತದೆ, ಒಂದರಿಂದ ಹೋಗುತ್ತದೆ, ಎಷ್ಟು ಹೊತ್ತಿಗೆ ತುಂಬೀತು ಎಂಬ ಲೆಕ್ಕ. ಅವರು ನಿವೃತ್ತರಾದರೂ ಆ ತೊಟ್ಟಿ ತುಂಬಲಿಲ್ಲ. ನನಗೆ ಅಂಟಿಕೊಂಡದ್ದು ಸ್ಪಂಜು. ಹುಲಿಯಲ್ಲ, ಆನೆಯಲ್ಲ, ಕಡೇಪಕ್ಷ ಒಂದು ಕಪ್ಪೆಯಾದರೂ ಆಗಬಹುದಿತ್ತು. ಹಣೆಯಲ್ಲಿ ಬರೆದಿರಲಿಲ್ಲ.

ಸ್ಪಂಜು ಎಂದರೆ ಅಂಚೆ ಕಚೇರಿಯಲ್ಲಿ ಸ್ಟಾಂಪು ಒದ್ದೆ ಮಾಡಿಕೊಳ್ಳಲು ಬಟ್ಟಲಿನಲ್ಲಿ ಇಟ್ಟಿರುವ ವಸ್ತು ಎಂದು ನೀವು ತಿಳಿದುಕೊಂಡಿದ್ದರೆ ಅದು ನಿಮ್ಮ ತಪ್ಪಲ್ಲ. ಹಾಸನದಲ್ಲಿ ಓದುವ ಕಾಲಕ್ಕೆ ನಾನೂ ಹಾಗೆಯೇ ತಿಳಿದಿದ್ದೆ. ಅದು ಪ್ರಾಣಿ ಸ್ವಾಮಿ, ಪ್ರಾಣಿ. ಸಮುದ್ರದ ತಳದಲ್ಲಿ ಬಂಡೆ ಕಚ್ಚಿಕೊಂಡು ಕೂತಿರುವ ಪ್ರಾಣಿ. ಅದಕ್ಕೆ ತಲೆಯಿಲ್ಲ, ಕಣ್ಣಿಲ್ಲ, ಕಿವಿಯಿಲ್ಲ, ಕೈಕಾಲಿಲ್ಲ, ಹೃದಯವಿಲ್ಲ, ಕೊನೆಗೆ ಹೊಟ್ಟೆಯೂ ಇಲ್ಲ. ಮೈತುಂಬ ಸಣ್ಣ ಸಣ್ಣ ತೂತುಗಳಿವೆ, ನೆತ್ತಿಯ ಮೇಲೊಂದು ದೊಡ್ಡ ತೂತಿದೆ. ಸಣ್ಣ ತೂತುಗಳಿಂದ ನೀರು ಒಳಗೆ ಬರುತ್ತದೆ. ಅದರಲ್ಲಿ ತೇಲಿಬಂದ ಕಣ್ಣಿಗೆ ಕಾಣದ ಆಹಾರವನ್ನು ಇದು ಹಿಡಿದಿಟ್ಟುಕೊಂಡು ಮಿಕ್ಕ ನೀರನ್ನು ದೊಡ್ಡ ತೂತಿನಿಂದ ಹೊರಗೆ ಬಿಡುತ್ತದೆ. ಇಷ್ಟೇ ಅದರ ಸಂಸಾರ. ಇದು ಗಿಡವೋ ಪ್ರಾಣಿಯೋ ಎಂದು ದೊಡ್ಡ ದೊಡ್ಡ ವಿದ್ವಾಂಸರೇ ಬಹಳ ಕಾಲ ಕಿತ್ತಾಡಿದ್ದರಂತೆ. ಆಮೇಲೆ ಯಾರೋ ಪುಣ್ಯಾತ್ಮರು ಹತ್ತಿರ ಕೂತು ನೋಡಿದರು. ಅದರ ಒಳಗಡೆ ಚಾವಟಿಯಂಥ ಪುಟ್ಟ ಪುಟ್ಟ ಎಳೆಗಳು ಬಿಡುವಿಲ್ಲದೆ ಆಡುತ್ತ ನೀರನ್ನು ಎಳೆದುಕೊಳ್ಳುತ್ತಿರುವುದು ಗೊತ್ತಾಯಿತು. ಹೊರಗಿನಿಂದ ನೋಡುವವರಿಗೆ ಅದು ಸುಮ್ಮನೆ ಕೂತಂತೆ ಕಾಣುತ್ತದೆ, ಒಳಗೆ ಪಾಪ ದುಡಿಯುತ್ತಲೇ ಇರುತ್ತದೆ. ಈ ಕೊನೆಯ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ನನ್ನ ಪರವಾಗಿ ಬೇಕಾಗುತ್ತದೆ.

ನಯಾಪೈಸೆ ಚಲಾವಣೆಗೆ ಬಂದ ಹೊಸತು. ಶಾಂತಿಗ್ರಾಮದಿಂದ ಒಳಗೆ ಒಂದು ಹರದಾರಿ ನಡೆದರೆ ಸಿಗುವ ಹಳ್ಳಿಯೊಂದರಲ್ಲಿ ನಾನು ವಿಜ್ಞಾನದ ಮೇಷ್ಟ್ರಾಗಿ ಸೇರಿದೆ. ಹಳ್ಳಿಯ ಹೆಸರು ಹೇಳುವುದಿಲ್ಲ, ನನ್ನ ಹೆಂಡತಿಯ ಕಡೆಯವರು ಇನ್ನೂ ಅಲ್ಲಿಯೇ ಇದ್ದಾರೆ. ನಾನು ಹೊಳೆನರಸೀಪುರದವನು. ಆ ಹಳ್ಳಿಯಲ್ಲಿ ಹೋಟೆಲಿರಲಿಲ್ಲ, ನನಗೆ ಅಡುಗೆ ಬರುತ್ತಿರಲಿಲ್ಲ. ಊರಿನ ದೊಡ್ಡ ಹಿಡುವಳಿದಾರರೊಬ್ಬರು ನಾನು ದಿನದಿಂದ ದಿನಕ್ಕೆ ಕೊಡೆಯ ಕಡ್ಡಿಯಂತಾಗುವುದನ್ನು ನೋಡಿ ಮರುಗಿ ಮೊದಲು ಊಟಕ್ಕೆ ಕರೆದರು, ಆಮೇಲೆ ಮಗಳನ್ನು ಕೊಟ್ಟರು. ಕೆಲಸ ಇನ್ನೂ ಹಂಗಾಮಿ, ಯಾವ ಗಳಿಗೆಯಲ್ಲಿ ಬೇಕಾದರೂ ಮನೆಗೆ ಕಳಿಸಬಹುದು ಎಂದು ನಾನು ಮುಂಚೆಯೇ ಹೇಳಿದ್ದೆ. ನನ್ನ ಮಾವ ಮಾತು ಕಮ್ಮಿಯ ಮನುಷ್ಯ. ಮಳೆ ಬಂದರೂ, ಬಾರದಿದ್ದರೂ, ಎತ್ತು ಕಳೆದರೂ, ಸಿಕ್ಕಿದರೂ ಅವರದು ಒಂದೇ ಮಾತು: "ಆಯ್ತದೆ ಬುಡಿ." ನನಗೂ ಅದನ್ನೇ ಹೇಳಿದರು. ಕೆಲಸ ಖಾಯಂ ಆಗುವವರೆಗೆ ನಾವು ಅವರ ಮನೆಯಲ್ಲಿಯೇ ಇರುವುದು, ಖಾಯಂ ಆದ ದಿನವೇ ಬೇರೆ ಮನೆ ಮಾಡಿಕೊಂಡು ಹೋಗುವುದು ಎಂದು ತೀರ್ಮಾನವಾಯಿತು. ತೀರ್ಮಾನ ಮಾಡಿದವನು ನಾನೇ. ಹೆಂಡತಿ ಜಯಮ್ಮ ನಕ್ಕಳು. ಯಾಕೆ ನಕ್ಕಳು ಎಂದು ಆಗ ತಿಳಿಯಲಿಲ್ಲ.

ಹೀಗೆ ನಾನು ಮನೆ ಅಳಿಯನಾದೆ. ಅದರ ಕಷ್ಟ ಅನುಭವಿಸಿದವನಿಗೇ ಗೊತ್ತು. ಊಟ ತಿಂಡಿಯ ಕಷ್ಟವಲ್ಲ. ಅದು ಬಿಡಿ, ಅಕ್ಕಿರೊಟ್ಟಿಯ ಮೇಲೆ ಬೆಣ್ಣೆ ಕರಗುವ ಮುಂಚೆ ಇನ್ನೊಂದು ರೊಟ್ಟಿ ಬಂದು ಬೀಳುತ್ತಿತ್ತು, ಗಟ್ಟಿ ಮೊಸರು, ಹುಚ್ಚೆಳ್ಳು ಚಟ್ನಿ, ಅವರೆಕಾಲದಲ್ಲಿ ಹಿತಕಿದ ಅವರೆಬೇಳೆ ಸಾರು. ಹೊಟ್ಟೆಯಿಲ್ಲದ ಪ್ರಾಣಿಯ ಪಾಠ ಹೇಳುವಾಗ ನನ್ನ ಹೊಟ್ಟೆ ಮೇಜಿಗೆ ತಾಗುತ್ತಿತ್ತು. ಕಷ್ಟ ಇದ್ದದ್ದು ಮರ್ಯಾದೆಯದು. ಊರಿನಲ್ಲಿ ಒಬ್ಬರಾದರೂ ನನ್ನನ್ನು ಮೇಷ್ಟ್ರೇ ಎನ್ನುತ್ತಿರಲಿಲ್ಲ. ಚೌರದವನಿಗೆ ನಾನು ಅಳಿಯಂದಿರು, ಅಂಚೆಯವನಿಗೆ ಅಳಿಯಂದಿರು. ಒಂದು ಸಲ ಹುಡುಗನೊಬ್ಬನ ತಂದೆ ಶಾಲೆಗೇ ಬಂದು ಹೆಡ್ ಮಾಸ್ತರರ ಎದುರು ನಿಂತು "ಅಳಿಯಂದಿರು ಒಳಗವ್ರಾ?" ಎಂದು ಕೇಳಿದ. ಯಾರ ಅಳಿಯಂದಿರು ಎಂದು ಕೂಡ ಕೇಳದೆ ಹೆಡ್ ಮಾಸ್ತರರು ನನ್ನ ಕಡೆ ಕೈ ತೋರಿಸಿದರು. ಆ ದಿನ ನಾನು ಹಲ್ಲು ಕಚ್ಚಿಕೊಂಡು ನಿರ್ಧಾರ ಮಾಡಿದೆ. ಏನೇ ಆಗಲಿ ಕೆಲಸ ಖಾಯಂ ಮಾಡಿಸಿಕೊಳ್ಳಬೇಕು, ನನ್ನದೇ ಬಾಗಿಲು ಎಂದು ಒಂದು ಇರಬೇಕು, ಅದನ್ನು ನಾನೇ ತೆಗೆದು ನಾನೇ ಹಾಕಬೇಕು.

ಈಗ ನನ್ನ ಅತ್ತೆಯ ವಿಷಯ. ಅತ್ತೆಯಾದವಳು ಅಳಿಯನ ಎದುರಿಗೆ ನಿಲ್ಲಬಾರದು, ಅವನ ಜೊತೆ ನೇರವಾಗಿ ಮಾತಾಡಬಾರದು ಎಂಬುದು ಆ ಮನೆಯ ಪದ್ಧತಿ. ವರ್ಷಕ್ಕೊಂದು ಸಲ ಹಬ್ಬಕ್ಕೆ ಬಂದುಹೋಗುವ ಅಳಿಯನಾದರೆ ಅದು ನಡೆಯುತ್ತದೆ. ದಿನಾ ಎರಡು ಹೊತ್ತು ಉಣ್ಣುವ ಅಳಿಯನಿಗೆ ಏನು ಮಾಡುವುದು? ಅದಕ್ಕೆ ಅತ್ತೆ ಒಂದು ದಾರಿ ಕಂಡುಕೊಂಡಿದ್ದರು. ಬಾಗಿಲು ದಾಟಿದೊಡನೆ ಎಡಗಡೆಗೆ ಕೊಟ್ಟಿಗೆ, ಅಲ್ಲೊಂದು ಎಮ್ಮೆ. ಅದರ ಹೆಸರು ಬೆಳ್ಳಿ. ಇದ್ದಲಿನಂಥ ಎಮ್ಮೆಗೆ ಆ ಹೆಸರು ಹೇಗೆ ಬಂತೆಂದರೆ ಮಾವ ಅದನ್ನು ಕೊಂಡುತಂದ ದಿನ ಮನೆಗೆ ಬರುವ ಹೊತ್ತಿಗೆ ಕತ್ತಲಾಗಿತ್ತಂತೆ, ಬೆಳಗಾಗುವುದರೊಳಗೆ ಹೆಸರಿಟ್ಟಾಗಿತ್ತು. ಅತ್ತೆ ನನಗೆ ಹೇಳಬೇಕಾದ್ದನ್ನೆಲ್ಲ ಈ ಬೆಳ್ಳಿಗೆ ಹೇಳುತ್ತಿದ್ದರು. "ಬೆಳ್ಳೀ, ನೀರು ಕಾದದೆ ಕಣವ್ವಾ. ಆರೋದ್ರೆ ನನ್ನ ಅನ್ನಬ್ಯಾಡ" ಎಂದು ಒಳಗಿನಿಂದ ಕೇಳಿಸಿದರೆ ನಾನು ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋಗುತ್ತಿದ್ದೆ. ಸಾರಿಗೆ ಉಪ್ಪು ಸಾಕಾಗಿದೆಯೇ ಎಂದು ಬೆಳ್ಳಿಯನ್ನು ಕೇಳಿದರೆ ನಾನು ನಡುಮನೆಯಿಂದ "ಸಾಕಾಗಿದೆ ಬೆಳ್ಳಿ" ಎನ್ನುತ್ತಿದ್ದೆ. ಬಿ.ಎಸ್ಸಿ. ಮಾಡಿದ ಮನುಷ್ಯ ಎಮ್ಮೆಗೆ ಉತ್ತರ ಕೊಡುವುದು ಮೊದಮೊದಲು ಅವಮಾನವೆನಿಸುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಕೊನೆಗೆ ಶಾಲೆಯ ಸಿಟ್ಟು ಸೆಡವುಗಳನ್ನೆಲ್ಲ ನಾನೇ ಬೆಳ್ಳಿಯ ಮುಂದೆ ತೋಡಿಕೊಳ್ಳುವಷ್ಟು ಸಲಿಗೆ ಬೆಳೆಯಿತು. ಬೆಳ್ಳಿ ಇಬ್ಬರ ಮಾತನ್ನೂ ಕೇಳುತ್ತಿತ್ತು, ಯಾರ ಪಕ್ಷವನ್ನೂ ವಹಿಸುತ್ತಿರಲಿಲ್ಲ.

ಹೀಗಿರುವಾಗ ಹಾಸನದಿಂದ ಇನ್‌ಸ್ಪೆಕ್ಟರು ಬರುತ್ತಾರೆಂದು ಸುದ್ದಿ ಬಂತು. ನನ್ನ ಪಾಠ ನೋಡಿ ಅವರು ಶಿಫಾರಸು ಮಾಡಿದರೆ ಖಾಯಂ, ಇಲ್ಲದಿದ್ದರೆ ಮೇಷ್ಟ್ರ ಕೆಲಸವೂ ಹೋಗಿ ಬರೀ ಅಳಿಯಂದಿರಾಗಿ ಉಳಿಯುವುದು. ಹೆಡ್ ಮಾಸ್ತರರು ನನ್ನನ್ನು ಕರೆದು ಯಾವ ಪಾಠ ಮಾಡುತ್ತೀರಿ ಎಂದರು. ನಮ್ಮ ಶಾಲೆಯಲ್ಲಿ ತೋರಿಸಿ ಹೇಳುವಂಥ ಪ್ರಾಣಿಗಳು ಇದ್ದದ್ದೇ ಎರಡು. ಒಂದು ಒಣಗಿಸಿದ ನಕ್ಷತ್ರಮೀನು, ಇನ್ನೊಂದು ಸ್ಪಂಜು. ನಕ್ಷತ್ರಮೀನಿಗೆ ಐದು ತೋಳು ಎಂದು ಪುಸ್ತಕದಲ್ಲಿತ್ತು, ನಮ್ಮದಕ್ಕೆ ಎರಡು ತೋಳನ್ನು ಇಲಿ ತಿಂದು ಮೂರು ಉಳಿದಿದ್ದವು. ಆದ್ದರಿಂದ ಸ್ಪಂಜೇ ಗತಿಯಾಯಿತು. ಅದು ಹಿಂದೆ ಯಾರೋ ದಾನ ಕೊಟ್ಟದ್ದು, ಕಂದು ಬಣ್ಣದ, ಮುಷ್ಟಿಗಿಂತ ಸ್ವಲ್ಪ ದೊಡ್ಡದಾದ, ಅಂಚು ಸವೆದ ಮುದ್ದೆ. ಜೀವವಿದ್ದಾಗಿನ ಮಾಂಸವೆಲ್ಲ ಕೊಳೆತುಹೋಗಿ ಉಳಿಯುವ ಎಲುಬಿನ ಹಂದರವೇ ನಾವು ನೋಡುವ ಸ್ಪಂಜು. ಎಲುಬೆಂದರೂ ಗಟ್ಟಿಯಲ್ಲ, ಮೆತ್ತನೆಯ ನಾರು. ಇಲಿಗೆ ಅದೂ ಬೇಡವೆಂದೇನಿಲ್ಲ, ಇನ್‌ಸ್ಪೆಕ್ಟರು ಬರುವವರೆಗೆ ನೀವೇ ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳಿ ಎಂದು ಹೆಡ್ ಮಾಸ್ತರರು ಅದನ್ನು ನನ್ನ ಕೈಗೆ ಹಾಕಿದರು. ನಾನು ಅದನ್ನು ಹಳೆಯ ಬಿಸ್ಕತ್ತಿನ ಡಬ್ಬದಲ್ಲಿಟ್ಟು, ಮುಚ್ಚಳ ಬಿಗಿದು, ಬಚ್ಚಲಿಗೆ ಹೋಗುವ ದಾರಿಯ ಗೋಡೆಗೂಡಿನಲ್ಲಿ ಯಾರ ಕಣ್ಣಿಗೂ ಬೀಳದಂತೆ ಒಳಕ್ಕೆ ತಳ್ಳಿಟ್ಟೆ.

ಅದೇ ಸಮಯಕ್ಕೆ ಜಯಮ್ಮ ಅರಕಲಗೂಡಿಗೆ ಅಕ್ಕನ ಮನೆಯ ಗೃಹಪ್ರವೇಶಕ್ಕೆ ಹೋದಳು. ಹೋದವಳು ಆ ಹೊಸ ಮನೆ ಹಳೆಯದಾಗುವ ತನಕ ಬರುವಂತೆ ಕಾಣಲಿಲ್ಲ. ಮನೆಯಲ್ಲಿ ಮಾವ, ಅತ್ತೆ, ನಾನು, ನಡುವೆ ಬೆಳ್ಳಿ. ನಾನು ಬೆಳಿಗ್ಗೆ ಸಂಜೆ ಕೊಟ್ಟಿಗೆಯ ಪಕ್ಕದ ಜಗಲಿಯಲ್ಲಿ ಅಡ್ಡಾಡುತ್ತ ಪಾಠವನ್ನು ಬಾಯಿಪಾಠ ಮಾಡಿದೆ. ಆ ದಿನಗಳಲ್ಲಿ ಒಂದು ವಿಷಯ ನನ್ನ ಗಮನಕ್ಕೆ ಬಂದಿತ್ತು. ಬೆಳ್ಳಿಯ ಮೈ ಇದ್ದಕ್ಕಿದ್ದಂತೆ ಫಳಫಳ ಹೊಳೆಯತೊಡಗಿತ್ತು. ಪಾಠ ಕೇಳಿ ಹೀಗಾಗಿರಲಿಕ್ಕಿಲ್ಲ ಎಂದು ಮಾತ್ರ ಅಂದುಕೊಂಡೆ. ವಿಜ್ಞಾನದ ಮೇಷ್ಟ್ರು ನಾನು, ಕಾರಣ ಹುಡುಕಬೇಕಾಗಿತ್ತು. ಹುಡುಕಲಿಲ್ಲ.

ಇನ್‌ಸ್ಪೆಕ್ಟರು ಬಂದರು. ಬರಬೇಕಾದ ಬಸ್ಸು ತಪ್ಪಿ, ಮುಂದಿನ ಬಸ್ಸು ಕೆಟ್ಟು, ಶಾಂತಿಗ್ರಾಮದಿಂದ ಬಿಸಿಲಿನಲ್ಲಿ ಎತ್ತಿನ ಗಾಡಿಯಲ್ಲಿ ಕುಲುಕಿಸಿಕೊಂಡು ಬಂದಿದ್ದರು. ಚನ್ನರಾಯಪಟ್ಟಣದ ಕಡೆಯ ಭಾರೀ ಆಳು. ಕಚ್ಚೆಪಂಚೆ, ಕರಿಕೋಟು, ತಲೆಗೆ ಪೇಟ. ಅವರು ಓದಿದ್ದು ಸಂಸ್ಕೃತವಂತೆ. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಬಂದವರೇ ಕುರ್ಚಿಯಲ್ಲಿ ಕೂತು "ಹೂಂ" ಎಂದರು. ನಾನು ಮನೆಯಿಂದ ಬರುವಾಗ ಡಬ್ಬವನ್ನು ಗೂಡಿನಿಂದ ಎಳೆದುಕೊಂಡು ಬಂದಿದ್ದೆ. ಅಲ್ಲಾಡಿಸಿ ನೋಡಿದಾಗ ಒಳಗೇನೋ ಇದ್ದಂತಿತ್ತು, ಅಷ್ಟಕ್ಕೇ ಸಮಾಧಾನಪಟ್ಟುಕೊಂಡಿದ್ದೆ.

ಪ್ರಾಣಿಯನ್ನು ಮೊದಲೇ ತೋರಿಸಬಾರದು, ವರ್ಣಿಸಿ ವರ್ಣಿಸಿ ಹುಡುಗರ ಬಾಯಲ್ಲಿ ನೀರೂರಿಸಿ ಆಮೇಲೆ ತೋರಿಸಬೇಕು ಎಂಬುದು ನನ್ನ ಕ್ರಮ. ಅಂದು ಅಂತೂ ಡಬ್ಬದ ಮೇಲೆ ಕೈಯಿಟ್ಟುಕೊಂಡು ಮೈಮರೆತು ವರ್ಣಿಸಿದೆ. ಮಕ್ಕಳೇ, ಕಣ್ಣಿಲ್ಲದ, ಕಾಲಿಲ್ಲದ, ಬಾಯಿಲ್ಲದೆ ಉಣ್ಣುವ ವಿಚಿತ್ರ ಪ್ರಾಣಿಯೊಂದು ಈ ಡಬ್ಬದಲ್ಲಿದೆ. ಇದು ಏಳು ಸಮುದ್ರದಾಚೆಯ ಬಂಡೆಯೊಂದರ ಮೇಲೆ ಹುಟ್ಟಿ ಬೆಳೆದದ್ದು. ಇದನ್ನು ಕಂಡವರು ನಿಮ್ಮ ಊರಿನಲ್ಲಿ ಯಾರೂ ಇರಲಾರರು. ಇಷ್ಟು ಹೇಳಿ ಮುಚ್ಚಳ ಮೀಟಿ ತೆಗೆದೆ. ಒಳಗೆ ಮಡಿಸಿ ಒತ್ತಿ ತುಂಬಿದ್ದ ಹೊಚ್ಚ ಹೊಸ ಹೀರೇಕಾಯಿ ನಾರು ಚಂಗನೆ ನೆಗೆದು ಮೇಜಿನ ಮೇಲೆ ಎದ್ದು ನಿಂತಿತು. ಇನ್‌ಸ್ಪೆಕ್ಟರು ಎರಡೂ ಕಾಲು ಮೇಲೆತ್ತಿಕೊಂಡರು.

ನಮ್ಮ ಕಡೆಯವರಿಗೆ ಹೀರೇಕಾಯಿ ನಾರಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಬಳ್ಳಿಯಲ್ಲೇ ಬಲಿಯಲು ಬಿಟ್ಟು, ಒಣಗಿದ ಮೇಲೆ ಸಿಪ್ಪೆ ಸುಲಿದು, ಬೀಜ ಉದುರಿಸಿದರೆ ಒಳಗಿನ ನಾರು ಬಲೆಬಲೆಯಾಗಿ ಉಳಿಯುತ್ತದೆ. ಸೀಗೇಪುಡಿಯ ಜೊತೆ ಅದರಲ್ಲಿ ಮೈ ಉಜ್ಜಿಕೊಳ್ಳುವುದು. ಆ ತರಗತಿಯ ಪ್ರತಿಯೊಬ್ಬ ಹುಡುಗನೂ ಹುಡುಗಿಯೂ ಅಂದು ಬೆಳಿಗ್ಗೆ ಆ ವಿಚಿತ್ರ ಪ್ರಾಣಿಯನ್ನು ತಂತಮ್ಮ ಬಚ್ಚಲಿನಲ್ಲಿ ಕಂಡು ಬಂದವರೇ. ಅಲ್ಲಿಗೆ ನಿಲ್ಲಿಸಿದ್ದರೆ ಏನಾದರೂ ದಾರಿಯಿರುತ್ತಿತ್ತೋ ಏನೋ. ಆದರೆ ಅಷ್ಟು ದಿನ ಉರು ಹೊಡೆದಿದ್ದ ಪಾಠ ನನ್ನ ಅಪ್ಪಣೆಗೆ ಕಾಯದೆ ಬಾಯಿಂದ ತಾನಾಗಿ ಬರತೊಡಗಿತು. ನೋಡಿ, ಇದರ ಮೈತುಂಬ ತೂತುಗಳಿವೆ ಎಂದೆ. ಇದ್ದವು. ಇದಕ್ಕೆ ತಲೆಯಿಲ್ಲ, ಹೃದಯವಿಲ್ಲ ಎಂದೆ. ಇರಲಿಲ್ಲ. ಇದು ಹುಟ್ಟಿದ ಜಾಗ ಬಿಟ್ಟು ಅಲ್ಲಾಡುವುದಿಲ್ಲ, ನೀರಿನಲ್ಲಿ ಅದ್ದಿದರೆ ಹೀರಿಕೊಳ್ಳುತ್ತದೆ, ಹಿಂಡಿದರೆ ಬಿಡುತ್ತದೆ ಎಂದೆ. ನಾನು ಆಡುವ ಒಂದೊಂದು ಮಾತೂ ಹೀರೇಕಾಯಿಗೆ ಸರಿಯಾಗಿ ಹೊಂದಿಕೊಳ್ಳುತ್ತಿರುವುದನ್ನು ಕಂಡು ನನಗೇ ಗಾಬರಿಯಾಯಿತು. ಆ ವಿದ್ವಾಂಸರು ಅಷ್ಟು ಕಾಲ ಕಿತ್ತಾಡಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ ಎಂದು ಅಂದೇ ನನಗೆ ಅರ್ಥವಾದದ್ದು.

ಇನ್‌ಸ್ಪೆಕ್ಟರು ಕಾಲು ಕೆಳಗಿಳಿಸಿ, ಎದ್ದು ಬಂದು, ನಾರನ್ನು ಎತ್ತಿ ಮೇಜಿನ ಮೇಲೆ ಕುಟ್ಟಿದರು. ಕಪ್ಪು ಬೀಜಗಳು ಟಪಟಪ ಉದುರಿದವು. "ಮೇಷ್ಟ್ರೇ, ಇವೇನು?" ಎಂದರು.

"ಮರಿಗಳು ಸಾರ್" ಎಂದು ಯಾರೋ ಅಂದರು. ದನಿ ನನ್ನದೇ ಆಗಿತ್ತು.

"ಓಹೋ. ಈ ಮರಿಗಳನ್ನ ಮಣ್ಣಲ್ಲಿ ಊರಿದ್ರೆ ಮೊಳೀತಾವೋ?"

ಬೆಳ್ಳಿಯ ಹಗ್ಗ ಹಿಡಿದುಕೊಂಡು ಕೆರೆ ಏರಿಯ ಮೇಲೆ ನಾನು ಹೋಗುತ್ತಿರುವುದು, ಊರಿನವರು "ಅಳಿಯಂದಿರು ಎಮ್ಮೆ ಒಡ್ಕಂಡು ಓಯ್ತಾ ಅವ್ರೆ" ಎನ್ನುತ್ತಿರುವುದು ಕಣ್ಣಿಗೆ ಕಟ್ಟಿತು. ಬಾಗಿಲ ಬಳಿ ನಿಂತಿದ್ದ ಹೆಡ್ ಮಾಸ್ತರರು ಮೆಲ್ಲಗೆ ಹೊರಕ್ಕೆ ಜಾರಿದರು. ಇನ್‌ಸ್ಪೆಕ್ಟರು ನನ್ನನ್ನು ಬಿಟ್ಟು ತರಗತಿಯ ಕಡೆ ತಿರುಗಿ, ಹಿಂದಿನ ಬೆಂಚಿನಲ್ಲಿ ಎಲ್ಲರಿಗಿಂತ ಎತ್ತರವಾಗಿ ಕಾಣುತ್ತಿದ್ದ ತಿಮ್ಮೇಗೌಡನನ್ನು ಎಬ್ಬಿಸಿದರು. ಇದನ್ನು ಮುಂಚೆ ನೋಡಿದ್ದೀಯಾ ಎಂದು ಕೇಳಿದರು. ದಿನಾ ನೋಡುತ್ತೇನೆ, ಇದರಲ್ಲೇ ಮೈ ಉಜ್ಜಿಕೊಳ್ಳುವುದು ಎಂದ. ಹಾಗಾದರೆ ಇದು ಹೀರೇಕಾಯೋ ಪ್ರಾಣಿಯೋ, ಸರಿಯಾಗಿ ಹೇಳು ಎಂದರು. ತಿಮ್ಮೇಗೌಡ ಅವರ ಮುಖ ನೋಡಿದ, ನನ್ನ ಮುಖ ನೋಡಿದ. ಅವನಿಗೆ ಸುಳ್ಳು ಹೇಳಲೂ ಬರುತ್ತಿರಲಿಲ್ಲ, ನನ್ನ ಕೈಲಿ ಪಾಸಾಗಲೂ ಬೇಕಾಗಿತ್ತು. ಹುಬ್ಬು ಗಂಟು ಹಾಕಿಕೊಂಡು ಬಹಳ ಯೋಚನೆ ಮಾಡಿ ಹೇಳಿದ:

"ಮನೇಲಿ ಈರೇಕಾಯಿ ಸಾ. ಇಸ್ಕೂಲಲ್ಲಿ ಪ್ರಾಣಿ ಸಾ."

ತರಗತಿಯೆಲ್ಲ ಹೌದೆಂದು ತಲೆಯಾಡಿಸಿತು. ಮೊದಲು ಇನ್‌ಸ್ಪೆಕ್ಟರ ಹೊಟ್ಟೆ ಕುಲುಕಿತು, ಆಮೇಲೆ ಕೋಟಿನ ಗುಂಡಿಗಳು ಕುಲುಕಿದವು, ಕೊನೆಗೆ ಪೇಟ ಜಾರಿ ಕಿವಿಯ ಮೇಲೆ ಬಂತು. ಕಣ್ಣೊರೆಸಿಕೊಂಡು, ಇಸ್ಕೂಲಿನಲ್ಲಿ ಎಂಥ ಪ್ರಾಣಿಯಪ್ಪಾ ಅದು, ಹೇಳು ನೋಡೋಣ ಎಂದು ತಿಮ್ಮೇಗೌಡನನ್ನೇ ಕೇಳಿದರು. ಅವನು ಕೈಕಟ್ಟಿಕೊಂಡು ಶುರು ಮಾಡಿದ. ಸಣ್ಣ ತೂತು, ದೊಡ್ಡ ತೂತು, ಚಾವಟಿ, ನೀರು ಬರುವುದು, ನೀರು ಹೋಗುವುದು, ಕೊಯ್ದು ಎರಡು ತುಂಡು ಮಾಡಿದರೆ ಎರಡೂ ಬೆಳೆಯುವುದು, ಬಟ್ಟೆಯಲ್ಲಿ ಸೋಸಿ ಪುಡಿಪುಡಿ ಮಾಡಿದರೂ ಆ ಪುಡಿಯೆಲ್ಲ ಮತ್ತೆ ಒಟ್ಟುಗೂಡಿ ಪ್ರಾಣಿಯಾಗುವುದು, ಒಂದನ್ನೂ ಬಿಡಲಿಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಸಿಹಿನೀರಿನ ಕೆರೆಗಳಲ್ಲಿಯೂ ಸ್ಪಂಜಿನ ಜಾತಿಯ ಪ್ರಾಣಿಗಳಿವೆ ಎಂದು ಕೇಳದಿದ್ದರೂ ಸೇರಿಸಿದಳು. ಇನ್‌ಸ್ಪೆಕ್ಟರು ಪರಿಶೀಲನೆಯ ಪುಸ್ತಕ ತರಿಸಿ ಎರಡೇ ಸಾಲು ಬರೆದರು. "ಪಾಠ ತೃಪ್ತಿಕರ. ಪ್ರಾಣಿಯನ್ನು ಬದಲಾಯಿಸತಕ್ಕದ್ದು." ಹೋಗುವಾಗ ಹೀರೇಕಾಯಿ ನಾರನ್ನು ಕಂಕುಳಲ್ಲಿ ಇಟ್ಟುಕೊಂಡರು. ಅವರ ಮನೆಯದು ಸವೆದುಹೋಗಿತ್ತಂತೆ. ಖಾಯಮಿನ ವಿಷಯ ಮಾತ್ರ ಎತ್ತಲಿಲ್ಲ.

ನಾನು ಉರಿದುಕೊಂಡು ಮನೆಗೆ ಬಂದೆ. ಯಾರು, ಯಾಕೆ, ಹೇಗೆ ಎಂದು ಕೂಗಾಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಗಿಲು ದಾಟಿ ಎಡಗಡೆ ನೋಡುತ್ತೇನೆ, ಮಾವ ಪಂಚೆ ಮೇಲಕ್ಕೆ ಕಟ್ಟಿಕೊಂಡು ಬೆಳ್ಳಿಯ ಮೈ ತೊಳೆಯುತ್ತಿದ್ದಾರೆ. ಕೈಯಲ್ಲಿ ಶಾಲೆಯ ಸ್ಪಂಜು. ಏಳು ಸಮುದ್ರದಾಚೆಯಿಂದ ಬಂದ ಪ್ರಾಣಿ ನಮ್ಮ ಎಮ್ಮೆಯ ಬೆನ್ನಿನ ಮೇಲೆ ನೊರೆಯಾಡುತ್ತಿತ್ತು. ನಾನು ಬೆಪ್ಪಾಗಿ ನಿಂತದ್ದನ್ನು ನೋಡಿ ಮಾವ ಅದನ್ನು ಹಿಂಡಿ ತೋರಿಸಿ, ಬಹಳ ನೀರು ಹಿಡಿಯುತ್ತದೆ ಎಂಬಂತೆ ತಲೆಯಾಡಿಸಿ ಮೆಚ್ಚಿಕೊಂಡರು. ಇದು ಶಾಲೆಯದು, ನನ್ನ ಕೆಲಸಕ್ಕೇ ಸಂಚಕಾರ ಬಂತು ಎಂದೆ. "ಆಯ್ತದೆ ಬುಡಿ" ಎಂದರು.

ಇನ್ನು ಅತ್ತೆಯನ್ನೇ ಕೇಳಬೇಕು. ಆದರೆ ಕೇಳುವುದು ಹೇಗೆ? ಜಯಮ್ಮ ಅರಕಲಗೂಡಿನಲ್ಲಿ. ಎಷ್ಟೇ ಕೋಪವಿರಲಿ, ಪದ್ಧತಿ ಪದ್ಧತಿಯೇ. ನಾನು ಬೆಳ್ಳಿಯ ಎದುರಿಗೆ ಹೋಗಿ ನಿಂತು, ಅಡುಗೆಮನೆಗೆ ಕೇಳಿಸುವಂತೆ, ಏನು ಬೆಳ್ಳಿ, ಒಬ್ಬರ ಡಬ್ಬಕ್ಕೆ ಇನ್ನೊಬ್ಬರು ಕೈ ಹಾಕಬಹುದೇ ಎಂದು ಗದರಿದೆ. ಒದ್ದೆ ಮೈಯ ಬೆಳ್ಳಿ ಕಿವಿ ಒದರಿತು. ನನ್ನ ಕನ್ನಡಕದ ಮೇಲೆ ನೀರು ಸಿಡಿಯಿತು. ಒಳಗೆ ಪಾತ್ರೆಯ ಸದ್ದು ನಿಂತಿತು. ಆಮೇಲೆ ಬಾಗಿಲ ಮರೆಯಿಂದ ಅತ್ತೆಯ ಮೆಲ್ಲನೆಯ ದನಿ ಬಂತು.

"ಬೆಳ್ಳೀ, ಅದು ಸವೆದು ಮುದ್ದೆಯಾಗಿತ್ತು ಕಣವ್ವಾ. ಒಸ ನಾರು ಕೇಳಾಕೆ ನಾಚ್ಕಂಡು ಅಳಿಯಂದಿರು ಅದ್ನೇ ಡಬ್ಬದಲ್ಲಿ ಬಚ್ಚಿಟ್ಕಂಡವ್ರೆ ಅಂದ್ಕಂಡೆ. ಮಗಳು ಊರಲ್ಲಿಲ್ಲ. ನಾನಾದ್ರೂ ನೋಡಬ್ಯಾಡ್ವಾ? ಬಿತ್ತನೆಗೆ ಅಂತ ಮಡಗಿದ್ದ ಕಾಯಿ ಸುಲಿದು ಆಕಿದೀನಿ."

ನನಗೆ ಬಂದಿದ್ದ ಕೋಪ ನಿಂತಲ್ಲೇ ಇಳಿದುಹೋಯಿತು. ಬಿತ್ತನೆಗೆಂದು ಇಡುವುದು ಬಳ್ಳಿಯ ಮೊದಲ ಕಾಯಿ, ಎಲ್ಲಕ್ಕಿಂತ ಉದ್ದನೆಯದು, ಅದನ್ನು ಯಾರೂ ಮುಟ್ಟುವುದಿಲ್ಲ. ನಾನು ಯಾವುದರಲ್ಲಿ ಮೈ ಉಜ್ಜಿಕೊಳ್ಳುತ್ತೇನೆ ಎಂದು ನನ್ನ ಹೆತ್ತ ತಾಯಿ ಕೂಡ ಯಾವತ್ತೂ ಯೋಚಿಸಿದವಳಲ್ಲ. ಹಳೆಯದನ್ನು ಎಸೆಯಬಹುದಾಗಿತ್ತಲ್ಲ ಬೆಳ್ಳಿ ಎಂದು ಮಾತ್ರ ಅಂದೆ. ಅಳಿಯಂದಿರ ಸಾಮಾನು ಎಸೆಯಲು ಬರುತ್ತದೆಯೇ, ಅದಕ್ಕೇ ನಿನಗೆ ಇಟ್ಟುಕೊಂಡೆ ಎಂದು ಅತ್ತೆ ಬೆಳ್ಳಿಗೆ ವಿವರಿಸಿದರು. ಅಂದು ರಾಗಿರೊಟ್ಟಿಯ ಮೇಲೆ ಬೆಣ್ಣೆ ಮಾಮೂಲಿಗಿಂತ ಹೆಚ್ಚಾಗಿತ್ತು. ನಾನೂ ಬೇಡವೆನ್ನಲಿಲ್ಲ.

ಸ್ಪಂಜನ್ನು ಸೋಪು ಹಾಕಿ ತೊಳೆದು ಶಾಲೆಗೆ ವಾಪಸು ಕೊಟ್ಟೆ. ತಿಮ್ಮೇಗೌಡ ಅದನ್ನು ಮೂಸಿ ನೋಡಿ, ಈಗ ಪ್ರಾಣಿ ವಾಸನೆ ಬರುತ್ತದೆ ಎಂದು ಒಪ್ಪಿಕೊಂಡ. ಇನ್‌ಸ್ಪೆಕ್ಟರು ಉದುರಿಸಿ ಹೋದ ಮರಿಗಳನ್ನು ಹುಡುಗರು ಶಾಲೆಯ ಬೇಲಿಯ ಬುಡದಲ್ಲಿ ಊರಿದರು. ಮಳೆ ಬಿದ್ದ ಮೇಲೆ ಅವು ಬೇಲಿಯಿಂದ ಹೆಂಚಿಗೆ ಹತ್ತಿ ಹಳದಿ ಹೂ ಬಿಟ್ಟವು. ಎಳೆಯ ಪ್ರಾಣಿಗಳನ್ನು ಹೆಡ್ ಮಾಸ್ತರರು ಬಜ್ಜಿಗೆಂದು ಮನೆಗೆ ಒಯ್ಯುತ್ತಿದ್ದರು.

ನನ್ನ ಖಾಯಂ ಆರ್ಡರು ಬಂದದ್ದು ಆ ಬಳ್ಳಿ ಕಾಯಿ ಬಿಟ್ಟ ಕಾಲಕ್ಕೆ. ಅಷ್ಟು ಹೊತ್ತಿಗೆ ಜಯಮ್ಮ ಅರಕಲಗೂಡಿನಿಂದ ಹಿಂತಿರುಗಿದ್ದಳು. ಮಾವ "ಆಯ್ತದೆ ಅಂದಿರ್ಲಿಲ್ವಾ" ಎಂದರು; ಅವರು ಅಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕೊಟ್ಟ ಮಾತಿನಂತೆ ನಾನು ಶಾಂತಿಗ್ರಾಮದಲ್ಲಿ ಬಾಡಿಗೆ ಮನೆಗಳನ್ನು ನೋಡಿದೆ. ನೋಡಲಿಲ್ಲ ಎಂದು ಯಾರೂ ಅನ್ನುವ ಹಾಗಿಲ್ಲ. ಮೊದಲನೆಯದರ ಬಾವಿ ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎಂದು ನನಗೆ ಅನಿಸಿತು. ಎರಡನೆಯದಕ್ಕೆ ಪಡುವಣ ಬಾಗಿಲು. ಮೂರನೆಯದು ಎಲ್ಲ ರೀತಿಯಲ್ಲೂ ಚೆನ್ನಾಗಿತ್ತು, ಅದಕ್ಕೇ ನನಗೆ ಸಂಶಯ ಬಂತು. ಹೀಗೆ ಹುಡುಕುತ್ತ ಹುಡುಕುತ್ತ ಅವರೆಕಾಲ ಬಂತು. ಅವರೆಕಾಲದಲ್ಲಿ ಯಾರಾದರೂ ಮನೆ ಬದಲಾಯಿಸುತ್ತಾರೆಯೇ? ಜಯಮ್ಮ ಮತ್ತೆ ನಕ್ಕಳು. ಈ ಸಲ ಯಾಕೆಂದು ಸ್ವಲ್ಪ ಸ್ವಲ್ಪ ಗೊತ್ತಾಗತೊಡಗಿತ್ತು.

ಒಂದು ಭಾನುವಾರ ಬೆಳಿಗ್ಗೆ ನಾನು ಜಗಲಿಯಲ್ಲಿ ಎರಡನೇ ಲೋಟ ಕಾಫಿ ಹಿಡಿದು ಗೋಡೆಗೊರಗಿದ್ದೆ. ಬಾಗಿಲ ಮರೆಯಲ್ಲಿ ಅವರೆಕಾಳು ಸುಲಿಯುತ್ತಿದ್ದ ಅತ್ತೆ, ಬೆಳ್ಳಿಯನ್ನು ಕರೆದು, ಅವತ್ತು ಅಷ್ಟು ರಾಮಾಯಣವಾಯಿತಲ್ಲ, ಆ ಡಬ್ಬದ ಪ್ರಾಣಿ ಅಂದರೆ ಅಸಲು ಎಂಥದ್ದಂತೆ ಎಂದು ವಿಚಾರಿಸಿದರು. ನನಗೆ ಹಿಗ್ಗಾಯಿತು. ಮನೆಯಲ್ಲಿ ನನ್ನ ವಿದ್ಯೆಯ ಬಗ್ಗೆ ಯಾರಾದರೂ ಕೇಳಿದ್ದು ಅದೇ ಮೊದಲು. ಕಾಫಿ ಲೋಟ ಕೆಳಗಿಟ್ಟು, ಬೆಳ್ಳಿಗೆ ಮುಖಮಾಡಿ, ಇನ್‌ಸ್ಪೆಕ್ಟರ ಮುಂದೆಯೂ ಹೇಳದಷ್ಟು ಚೆನ್ನಾಗಿ ಹೇಳಿದೆ. ನೋಡು ಬೆಳ್ಳಿ, ಅದು ಎಳೆಯದಾಗಿದ್ದಾಗ ಸ್ವಲ್ಪ ದಿನ ಅಲ್ಲಿ ಇಲ್ಲಿ ಈಜಾಡಿಕೊಂಡಿರುತ್ತದೆ. ಆಮೇಲೆ ಒಂದು ಒಳ್ಳೆಯ ಜಾಗ ಸಿಕ್ಕಿದ್ದೇ ತಡ, ಅಲ್ಲಿಗೆ ಅಂಟಿಕೊಂಡು ಕೂತುಬಿಡುತ್ತದೆ. ಕೂತರೆ ಮುಗಿಯಿತು, ಜೀವ ಇರುವ ತನಕ ಏಳುವುದಿಲ್ಲ. ಊಟ ಹುಡುಕಿಕೊಂಡು ಎಲ್ಲಿಗೂ ಹೋಗುವುದಿಲ್ಲ, ಊಟವೇ ಇದ್ದಲ್ಲಿಗೆ ಬರುತ್ತದೆ. ತಲೆಯಿಲ್ಲ, ಆದ್ದರಿಂದ ಚಿಂತೆಯಿಲ್ಲ. ಹೊರಗಿನವರಿಗೆ ಸುಮ್ಮನೆ ಕೂತಂತೆ ಕಾಣುತ್ತದೆ, ಆದರೆ ಒಳಗೆ ದುಡಿಯುತ್ತಿರುತ್ತದೆ. ಈ ಕೊನೆಯ ಮಾತನ್ನು ಎರಡು ಸಲ ಹೇಳಿದೆ.

ಒಳಗೆ ಅವರೆಕಾಳು ಸುಲಿಯುವ ಸದ್ದು ನಿಂತಿತು.

"ಅಲ್ಲ ಕಣ್ ಬೆಳ್ಳೀ" ಎಂದರು, "ಇಂತಾದ್ದೊಂದ ತರಾಕೆ ಸಮುದ್ರಕ್ಕೆ ಯಾಕೆ ಓಗಿದ್ರಂತೆ, ಕೇಳು."

ಬೆಳ್ಳಿ ಕೇಳಲಿಲ್ಲ. ಮೆಲುಕು ನಿಲ್ಲಿಸಿ, ಕತ್ತು ತಿರುಗಿಸಿ, ನನ್ನನ್ನೇ ನೋಡಿತು. ಮೇಲೇಳಬೇಕೆಂದು ನನಗೂ ಅನಿಸಿತು. ಅಷ್ಟರಲ್ಲಿ ನೀರು ಕಾದಿದೆಯೆಂದು ಅತ್ತೆ ಅದೇ ಬೆಳ್ಳಿಗೆ ಹೇಳಿದರು. ನಾನು ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದೆ.